ಟೋಟಲ್ ಫೈರ್ ಬ್ಯಾನ್ ದಿನ ಗ್ಯಾಸ್ ಮೇಲೆ ಕ್ಯಾಂಪ್ ಓವನ್: ನಿಯಮ ಏನು, ತಳ ಸೀಯದ ಹಾಗೆ ಬೇಯಿಸುವುದು ಹೇಗೆ?

ತುಂಗಾತೀರ (ಮೆಲ್ಬರ್ನ್)

ಜನವರಿ ಕೊನೆಯ ವಾರಾಂತ್ಯ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಬ್ರೈಟ್ ಊರಿನ ಹತ್ತಿರದ ಕ್ಯಾರವಾನ್ ಪಾರ್ಕ್‌ನಲ್ಲಿ 3 ರಾತ್ರಿ, ಒಟ್ಟು 10 ಜನ. ಕೆಂಡದ ಮೇಲೆ ಅಡುಗೆ ಅಂತ ಯೋಜನೆ, ಆದರೆ ಆ ಹೊತ್ತಿಗೆ ಟೋಟಲ್ ಫೈರ್ ಬ್ಯಾನ್ (ಕಾಳ್ಗಿಚ್ಚಿನ ಅಪಾಯವಿರುವ ದಿನ ಬಯಲಲ್ಲಿ ಬೆಂಕಿ ಹಚ್ಚಲು ಸರ್ಕಾರ ಹಾಕುವ ನಿಷೇಧ) ಬೀಳುವ ಸಾಧ್ಯತೆಯೇ ಹೆಚ್ಚು. ಕೈಯಲ್ಲಿರುವ ಸಾಮಾನು: 9 ಕ್ವಾರ್ಟ್ ಬೀಡಿನ ಕ್ಯಾಂಪ್ ಓವನ್ (ಎರಕದ ಕಬ್ಬಿಣದ, ಭಾರದ ಮುಚ್ಚಳವಿರುವ ದಪ್ಪ ಪಾತ್ರೆ; ಕಾಲಿಲ್ಲದ್ದು, ಚಪ್ಪಟೆ ತಳ; ಕ್ವಾರ್ಟ್ ಅಂದರೆ ಹೆಚ್ಚುಕಡಿಮೆ ಒಂದು ಲೀಟರ್), ಎರಡು ಬರ್ನರಿನ ಗ್ಯಾಸ್ ಒಲೆ, 4 ಕೆಜಿ ಸಿಲಿಂಡರ್, ಜೊತೆಗೆ ಬ್ಯೂಟೇನ್ ಡಬ್ಬಿ ಹಾಕುವ ಸಣ್ಣ ಒಲೆ ಒಂದು.

ಕೇಳಬೇಕಾದ್ದು ಮೂರು. ಬ್ಯಾನ್ ದಿನ ಗ್ಯಾಸ್ ಒಲೆಗೆ ನಿಜವಾಗಿ ಅನುಮತಿ ಇದೆಯೇ? ಗ್ಯಾಸ್ ಮೇಲಿಟ್ಟರೆ ಡ್ಯಾಂಪರ್ ಎಂಬ ಯೀಸ್ಟ್ ಹಾಕದ ಬ್ರೆಡ್‌ನ ತಳ ಕಪ್ಪಾಗಿ ಮೇಲ್ಭಾಗ ಬಿಳಿಚಿಕೊಂಡೇ ಉಳಿಯುತ್ತದೆ ಅಂತಾರೆ, ಅದಕ್ಕೇನು ಉಪಾಯ? ಸಣ್ಣ ಒಲೆಯ ಮೇಲೆ ಈ ಓವನ್ ಇಡಬಹುದೇ?

ನೀಲಗಿರಿನೆರಳು (ಬೆಂಡಿಗೋ)

ಮೊದಲನೆಯದಕ್ಕೆ ಉತ್ತರ. ವಿಕ್ಟೋರಿಯಾದಲ್ಲಿ ಹೌದು, ಆದರೆ ಷರತ್ತುಗಳಿವೆ. ಒಂದೂ ಬಿಡುವ ಹಾಗಿಲ್ಲ.

ಒಲೆ ಅಡುಗೆಗೆಂದೇ ಕಾರ್ಖಾನೆಯಲ್ಲಿ ತಯಾರಾದದ್ದಾಗಿರಬೇಕು. ಮನೆಯಲ್ಲಿ ವೆಲ್ಡ್ ಮಾಡಿಕೊಂಡ ಬರ್ನರ್ ಸ್ಟ್ಯಾಂಡ್ ನಡೆಯುವುದಿಲ್ಲ. ಉರಿ ಹಚ್ಚಿದಾಗ ಅಲುಗಾಡದ ಜಾಗದಲ್ಲಿ ಕೂತಿರಬೇಕು. ಸುತ್ತ 3 ಮೀಟರ್ ಹತ್ತಿಕೊಳ್ಳುವ ಯಾವ ವಸ್ತುವೂ ಇರಬಾರದು. ನಲ್ಲಿಗೆ ಜೋಡಿಸಿದ ನೀರಿನ ಹೋಸ್, ಇಲ್ಲವೇ ಕನಿಷ್ಠ 10 ಲೀಟರ್ ನೀರು ತುಂಬಿದ ಪಾತ್ರೆ ಕೈಗೆಟಕುವಂತಿರಬೇಕು. ಬೆಂಕಿ ಆರಿಸುವ ಶಕ್ತಿ, ಸಾಧನ ಎರಡೂ ಇರುವ ವಯಸ್ಕರೊಬ್ಬರು ಒಲೆ ಆರುವ ತನಕ ಅಲ್ಲೇ ಇರಬೇಕು. ಕ್ಯಾಂಪ್ ಓವನ್ ವಿಷಯದಲ್ಲಿ ಜನ ತಪ್ಪುವುದು ಈ ಕೊನೆಯದರಲ್ಲೇ. ರೋಸ್ಟ್ ಎರಡು ಗಂಟೆ ತೆಗೆದುಕೊಳ್ಳುತ್ತದೆ. ಮುಚ್ಚಳ ಮುಚ್ಚಿ ಹೊಳೆಗೆ ಇಳಿದುಬಿಡುತ್ತಾರೆ.

ಆ 3 ಮೀಟರ್ ಅಳೆದು ನೋಡಿ. ಕ್ಯಾರವಾನ್ ಪಾರ್ಕ್‌ನ ಸೈಟ್‌ಗಳು ಇಕ್ಕಟ್ಟು, ಡೇರೆಯ ನೈಲಾನ್ ಬಟ್ಟೆ, ಕ್ಯಾರವಾನಿನ ಚಪ್ಪರ, ಒಣಗಿದ ಹುಲ್ಲು ಎಲ್ಲ ಆ ಅಳತೆಯೊಳಗೇ ಬಂದುಬಿಡುತ್ತವೆ. ಜಲ್ಲಿ ಅಥವಾ ಕಾಂಕ್ರೀಟ್ ನೆಲ ಹುಡುಕಿ. ನೀಲಗಿರಿ ಮರದ ಕೆಳಗಂತೂ ಬೇಡ. ಸುಲಿದು ನೇತಾಡುವ ತೊಗಟೆ ಕಿಡಿಗೇ ಕಾದಿರುತ್ತದೆ.

ಕಟ್ಟಿಗೆ, ಇದ್ದಿಲು, ಹೀಟ್ ಬೀಡ್ಸ್, ಪೆಲೆಟ್ ಎಲ್ಲವೂ ಘನ ಇಂಧನ. ಮುಚ್ಚಳವಿರುವ ಒಲೆಯಾದರೂ ಸರಿ, ಆ ದಿನ ಹಚ್ಚುವಂತಿಲ್ಲ. ಹಿಂದಿನ ರಾತ್ರಿಯ ಕ್ಯಾಂಪ್‌ಫೈರ್‌ನ ಕೆಂಡವೂ ಬ್ಯಾನ್ ಶುರುವಾಗುವ ಮೊದಲೇ ಪೂರ್ತಿ ಆರಿರಬೇಕು. ಬ್ಯಾನ್ ನಡುರಾತ್ರಿಯಿಂದ ನಡುರಾತ್ರಿಗೆ. ಸಾಮಾನ್ಯವಾಗಿ ಹಿಂದಿನ ದಿನ ಮಧ್ಯಾಹ್ನದ ಮೇಲೆ ಘೋಷಣೆ ಬರುತ್ತದೆ, ಆದ್ದರಿಂದ ಸಂಜೆ ಒಮ್ಮೆ ವಿಕ್‌ಎಮರ್ಜೆನ್ಸಿ (ವಿಕ್ಟೋರಿಯಾದ ತುರ್ತು ಎಚ್ಚರಿಕೆಗಳ) ಆ್ಯಪ್ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಇನ್ನೊಂದು ವಿಷಯ: ಬ್ಯಾನ್ ಜಿಲ್ಲಾವಾರು. ವಿಕ್ಟೋರಿಯಾದಲ್ಲಿ ಇದಕ್ಕೆಂದು 9 ಜಿಲ್ಲೆಗಳು. ಬ್ರೈಟ್ ಇರುವುದು ನಾರ್ತ್ ಈಸ್ಟ್‌ನಲ್ಲಿ, ಮೆಲ್ಬರ್ನ್ ಸೆಂಟ್ರಲ್‌ನಲ್ಲಿ. ಮನೆಯಲ್ಲಿ ಕೂತು ಸೆಂಟ್ರಲ್ ನೋಡಿಕೊಂಡು ಹೊರಟರೆ ಉಪಯೋಗವಿಲ್ಲ. ಗ್ರ್ಯಾಂಪಿಯನ್ಸ್ ಬೆಟ್ಟಗಳ ಕಡೆ ಹೋಗುವವರಿಗೆ ಇನ್ನೂ ಗೊಂದಲ: ಹಾಲ್ಸ್ ಗ್ಯಾಪ್ ವಿಮ್ಮೆರಾ ಜಿಲ್ಲೆಗೆ ಸೇರಿದ್ದು, ಅದೇ ಬೆಟ್ಟಗಳ ದಕ್ಷಿಣ ಮಗ್ಗುಲು ಸೌತ್ ವೆಸ್ಟ್‌ಗೆ.

ಇದು ರಾಜ್ಯದ ನಿಯಮ. ಪಾರ್ಕ್ ಅಥವಾ ಕ್ಯಾಂಪ್‌ಗ್ರೌಂಡಿನವರು ಇದಕ್ಕಿಂತ ಬಿಗಿಯಾದ ನಿಯಮ ಹಾಕಬಹುದು, ಆಗ ಅವರ ಬೋರ್ಡಿನ ಮಾತೇ ಕೊನೆ. ಬುಕ್ ಮಾಡುವಾಗಲೇ ಕೇಳಿಬಿಡಿ.

ಹೊಂಗೆಮರ (ಸಿಡ್ನಿ)

ಗಡಿ ದಾಟಿ ನ್ಯೂ ಸೌತ್ ವೇಲ್ಸ್‌ಗೆ ಬಂದರೆ ಲೆಕ್ಕ ಬೇರೆ. ಬ್ರೈಟ್‌ನಿಂದ ಆಲ್ಬರಿ ದೂರವಿಲ್ಲದ ಕಾರಣ ಹೇಳುತ್ತಿದ್ದೇನೆ. ಇಲ್ಲಿ ಟೋಟಲ್ ಫೈರ್ ಬ್ಯಾನ್ ದಿನ ಗ್ಯಾಸ್ ಬಾರ್ಬೆಕ್ಯೂ ಹಚ್ಚಬೇಕಾದರೆ ಒಂದೋ ಖಾಯಂ ವಾಸದ ಮನೆಯಿಂದ 20 ಮೀಟರ್ ಒಳಗಿರಬೇಕು, ಇಲ್ಲವೇ ಗೊತ್ತುಪಡಿಸಿದ ಪಿಕ್ನಿಕ್ ಜಾಗದಲ್ಲಿ ಕೌನ್ಸಿಲ್, ನ್ಯಾಷನಲ್ ಪಾರ್ಕ್ಸ್ ಅಥವಾ ಸ್ಟೇಟ್ ಫಾರೆಸ್ಟ್ಸ್ ಒಪ್ಪಿದ ಒಲೆಯಾಗಿರಬೇಕು. ಜೊತೆಗೆ ಸುತ್ತ 2 ಮೀಟರ್ ತೆರವು, ಜವಾಬ್ದಾರಿಯುತ ವಯಸ್ಕರ ನಿಗಾ, ಒಲೆಗೂ ಸುತ್ತಲಿಗೂ ನೀರು ಹಾಯಿಸಲು ಸದಾ ಸಿದ್ಧವಿರುವ ವ್ಯವಸ್ಥೆ. ಅಂದರೆ ಕಾಡಿನ ನಡುವೆ ಎಲ್ಲೋ ಗಾಡಿ ನಿಲ್ಲಿಸಿ ಡಿಕ್ಕಿ ತೆರೆದು ಒಲೆ ಹಚ್ಚುವುದು ಇಲ್ಲಿ ಅಪರಾಧ, ಗ್ಯಾಸ್ ಆದರೂ. ದಂಡ 5,500 ಡಾಲರ್‌ವರೆಗೆ, 12 ತಿಂಗಳ ಜೈಲೂ ಆಗಬಹುದು.

ಬುಷ್‌ಫೈರ್ ಡೇಂಜರ್ ಪೀರಿಯಡ್ ಎನ್ನುವುದು ಬೇರೆ, ಟೋಟಲ್ ಫೈರ್ ಬ್ಯಾನ್ ಬೇರೆ. ಮೊದಲನೆಯದು ಋತು, ಇಲ್ಲಿ ಸಾಮಾನ್ಯವಾಗಿ ಅಕ್ಟೋಬರ್ 1ರಿಂದ ಮಾರ್ಚ್ 31. ಎರಡನೆಯದು ಆ ದಿನದ ಆಜ್ಞೆ. ಹಾಗೆಯೇ ಕೆಲವು ಪಾರ್ಕ್‌ಗಳಲ್ಲಿ ಘನ ಇಂಧನಕ್ಕೆ ಮಾತ್ರ ನಿಷೇಧ ಇರುತ್ತದೆ. ಆಗ ಗ್ಯಾಸ್ ಒಲೆಗೆ ಅಡ್ಡಿಯಿಲ್ಲ. ಬೋರ್ಡಿನ ಮೇಲೆ ಯಾವ ಬ್ಯಾನ್ ಅಂತ ಬರೆದಿದೆ, ಪೂರ್ತಿ ಓದಿ.

ಅಡಿಲೇಡ್_ಅಡುಗೆ

ಸೌತ್ ಆಸ್ಟ್ರೇಲಿಯಾದ್ದೂ ಇಲ್ಲೇ ಇರಲಿ: ಮನೆ, ಕಟ್ಟಡದಿಂದ 15 ಮೀಟರ್ ಒಳಗೆ ಅಥವಾ ಸಮುದ್ರ ತೀರದಲ್ಲಿ, 4 ಮೀಟರ್ ತೆರವು, ನೀರು ಚಿಮ್ಮಿಸುವ ಸಾಧನ, ಪಕ್ಕದಲ್ಲಿ ಜನ. ಮೂರು ರಾಜ್ಯ, ಮೂರು ಅಳತೆ: 3, 2, 4. ಯಾವಾಗಲೂ 4 ಮೀಟರ್ ಬಿಟ್ಟರೆ ಈ ಮೂರರಲ್ಲಿ ಎಲ್ಲಿದ್ದರೂ ಅಳತೆಗೆ ಸಮಸ್ಯೆ ಬರುವುದಿಲ್ಲ.

ಬೀಡಿನಹಂಚು (ಶೆಪರ್ಟನ್)

ಇನ್ನು ಉರಿಯ ವಿಷಯ. ತುಂಗಾತೀರ ಅವರೇ, ನಿಮ್ಮ ಎರಡನೇ ಪ್ರಶ್ನೆಗೆ ಕಾರಣ ಗೊತ್ತಾದರೆ ಉಪಾಯ ತಾನಾಗಿ ಹೊಳೆಯುತ್ತದೆ.

12 ಇಂಚಿನ ಓವನ್‌ನಲ್ಲಿ ಸುಮಾರು 175 ಡಿಗ್ರಿ ಬೇಕೆಂದರೆ ರೂಢಿಯ ಲೆಕ್ಕ 24 ಬ್ರಿಕೆಟ್ (ಇದ್ದಿಲಿನ ಉಂಡೆ). ಬ್ರೆಡ್ಡಿಗೆ ಅದರಲ್ಲಿ 8 ಕೆಳಗೆ, 16 ಮುಚ್ಚಳದ ಮೇಲೆ. ಅಂದರೆ ಮೂರರಲ್ಲಿ ಎರಡು ಪಾಲು ಕಾವು ಮೇಲಿನಿಂದ. ಗ್ಯಾಸ್ ಮೇಲಿಟ್ಟ ಕೂಡಲೇ ನೂರಕ್ಕೆ ನೂರು ಕೆಳಗಿನಿಂದ ಆಯಿತು. ಕೆಂಡದ ಪಾಕವಿಧಾನವನ್ನು ಹಾಗೇ ಗ್ಯಾಸಿಗೆ ಹಚ್ಚಿದರೆ ತಳ ಸೀದೇ ಸೀಯುತ್ತದೆ. ಇದು ಓವನ್ನಿನ ದೋಷವಲ್ಲ.

ನಮ್ಮ ಮನೆಗಳಲ್ಲಿ ಈ ಸಮಸ್ಯೆಗೆ ಪರಿಹಾರ ಮೊದಲೇ ಇದೆ. ಕುಕ್ಕರ್‌ನಲ್ಲಿ ಕೇಕ್ ಮಾಡುವಾಗ ಗ್ಯಾಸ್ಕೆಟ್, ವೆಯಿಟ್ ತೆಗೆದು, ತಳಕ್ಕೆ ಸ್ಟ್ಯಾಂಡ್ ಇಟ್ಟು, ಅದರ ಮೇಲೆ ಡಬ್ಬಿ ಇಡುತ್ತಾರಲ್ಲ, ಅದೇ ತತ್ವ. ಹಿಟ್ಟು ಲೋಹಕ್ಕೆ ತಾಗಬಾರದು, ನಡುವೆ ಗಾಳಿ ಇರಬೇಕು, ಬೇಯಿಸುವುದು ಆ ಬಿಸಿ ಗಾಳಿ.

ಕ್ರಮ ಹೀಗೆ:

ಓವನ್ನಿನ ಒಳಗೆ 2ರಿಂದ 3 ಸೆಂ.ಮೀ. ಎತ್ತರದ ತಂತಿಯ ಸ್ಟ್ಯಾಂಡ್ ಇಡಿ. ಟ್ರಿವೆಟ್ ಅಂತ ಕೇಳಿದರೆ ಕ್ಯಾಂಪಿಂಗ್ ಅಂಗಡಿಯಲ್ಲಿ ಸಿಗುತ್ತದೆ. 1 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಸಾಲದು. ಖಾಲಿ ಓವನ್ನನ್ನು ಮುಚ್ಚಳ ಸಮೇತ ಸಣ್ಣ ಉರಿಯಲ್ಲಿ 5 ನಿಮಿಷ, ಆಮೇಲೆ ಮಧ್ಯಮ ಉರಿಯಲ್ಲಿ 10 ನಿಮಿಷ ಕಾಯಿಸಿ. ಮೊದಲಿಗೇ ದೊಡ್ಡ ಉರಿ ಕೊಟ್ಟರೆ ಬರ್ನರ್ ತಾಗುವ ನಡುಭಾಗ ಮಾತ್ರ ಹಿಗ್ಗುತ್ತದೆ, ಅಂಚು ತಣ್ಣಗಿರುತ್ತದೆ; ಬೀಡು ಬಿರುಕು ಬಿಡುವುದು ಹೀಗೆ. ಸ್ಟ್ಯಾಂಡ್ ಮೇಲೆ ಸಣ್ಣ ಓವನ್ ಥರ್ಮಾಮೀಟರ್ ಇಟ್ಟು 200 ಡಿಗ್ರಿ ಮುಟ್ಟಿದ ಮೇಲೆ ಹಿಟ್ಟು ಒಳಗಿಡಿ, ಕೂಡಲೇ ಉರಿ ಇಳಿಸಿ. ದಪ್ಪ ಬೀಡು ಕಾವು ಹಿಡಿದಿಟ್ಟುಕೊಳ್ಳುವುದರಿಂದ ನಂತರ ಸಿಮ್ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಸಾಕು. ಗುಂಡಿ ತಿರುಗಿಸಿದ ಪರಿಣಾಮ ಒಳಗೆ ಕಾಣಲು 6ರಿಂದ 8 ನಿಮಿಷ ಬೇಕು. ಅಷ್ಟರಲ್ಲಿ ಇನ್ನೊಮ್ಮೆ ತಿರುಗಿಸಿಬಿಡುವುದೇ ಹೊಸಬರ ತಪ್ಪು.

ಬರ್ನರ್ ಚಿಕ್ಕದಿದ್ದು ಓವನ್ನಿನ ತಳ ದೊಡ್ಡದಿದ್ದರೆ ನಡುವೆ ಹಳೆಯ ಕಬ್ಬಿಣದ ದೋಸೆ ಹಂಚು ಇಡಿ, ಬಿರಿಯಾನಿ ದಮ್ ಹಾಕುವಾಗ ಇಡುವ ಹಾಗೆ. ಉರಿ ಒಂದೇ ಕಡೆ ಚುಚ್ಚುವುದು ತಪ್ಪುತ್ತದೆ. ಆದರೆ ಹಂಚು ಇಡೀ ಒಲೆ ಮುಚ್ಚುವಷ್ಟು ಅಗಲವಿರಬಾರದು. ಗಾಳಿ ಸಿಗದ ಉರಿ ನೀಲಿ ಬಿಟ್ಟು ಹಳದಿಗೆ ತಿರುಗುತ್ತದೆ, ಮಸಿ ಕಟ್ಟುತ್ತದೆ, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹೆಚ್ಚುತ್ತದೆ. ಕಾವು ಕೆಳಕ್ಕೆ ತಿರುಗಿ ಗುಂಡಿಗಳೂ ಹೋಸೂ ಕರಗುತ್ತವೆ. ಹಳದಿ ಉರಿ ಕಂಡರೆ ಆರಿಸಿ, ಹಂಚು ತೆಗೆಯಿರಿ.

ಉಕ್ಕಿನ ತಗಡಿನ ಹಗುರ ಓವನ್, ಅಂದರೆ ಬೆಡೂರಿ ಬಗೆಯದು ಇರುವವರಿಗೆ ಒಂದು ಮಾತು. ಕ್ವೀನ್ಸ್‌ಲ್ಯಾಂಡಿನ ಬೆಡೂರಿಯಿಂದ ಬಂದ ಹೆಸರು. ಕುದುರೆ ಮೇಲಿಂದ ಬಿದ್ದರೆ ಬೀಡು ಒಡೆಯುತ್ತದೆಂದು ದನಗಾಹಿಗಳು ಉಕ್ಕಿನ ತಗಡಿನದಕ್ಕೆ ಬದಲಾದರು. ಸಾಗಿಸಲು ಸುಖ, ಆದರೆ ಗ್ಯಾಸ್ ಮೇಲೆ ಬೀಡಿಗಿಂತ ಬೇಗ ಸೀಯುತ್ತದೆ, ಏಕೆಂದರೆ ತೆಳು ತಗಡು ಕಾವನ್ನು ಹರಡುವುದಿಲ್ಲ. ಹಂಚು, ಸ್ಟ್ಯಾಂಡ್ ಎರಡೂ ಇರಲೇಬೇಕು.

ತುಂಗಾತೀರ

ತುಂಬಾ ಉಪಕಾರ. ಸ್ಟ್ಯಾಂಡ್ ಇಟ್ಟರೆ ತಳ ಉಳಿಯುತ್ತದೆ ಸರಿ, ಮೇಲ್ಭಾಗ ಕೆಂಪಗಾಗುವುದು ಹೇಗೆ? ಕುಕ್ಕರ್‌ಗೆ ಹಾಕುವಂತೆ ತಳಕ್ಕೆ ಉಪ್ಪು ಹರಡಬಹುದೇ?

ಕರಾವಳಿಕೈ (ಜೀಲಾಂಗ್)

ಬೀಡಿಗೆ ಉಪ್ಪು ಬೇಡವೇ ಬೇಡ. ಪಳಗಿಸಿದ ಎಣ್ಣೆಯ ಪದರ ಹಾಳಾಗಿ ತುಕ್ಕು ಹಿಡಿಯುತ್ತದೆ. ಮರಳಾದರೆ ಹಾನಿಯಿಲ್ಲ, ಆದರೆ ಸ್ಟ್ಯಾಂಡ್ ಇದ್ದ ಮೇಲೆ ಅದರ ಅಗತ್ಯವೂ ಇಲ್ಲ.

ಮೇಲಿನ ಕಾವಿಗೆ ದಾರಿಗಳಿವೆ. ಸುಲಭದ್ದು, ಮುಕ್ಕಾಲು ಬೆಂದ ಮೇಲೆ ಬ್ರೆಡ್ ಮಗುಚಿ ಹಾಕುವುದು. ಡ್ಯಾಂಪರಿಗೆ ಇದು ಸಲ್ಲುತ್ತದೆ, ಕೇಕಿಗೆ ಸಲ್ಲದು. ಎರಡನೆಯದು, ನಿಮ್ಮ ಒಲೆಗೆ ಎರಡು ಬರ್ನರ್ ಇರುವುದರಿಂದ, ಪಕ್ಕದ ಬರ್ನರಿನಲ್ಲಿ ಬೀಡಿನ ಚಪ್ಪಟೆ ಬಾಣಲೆಯನ್ನು ಚೆನ್ನಾಗಿ ಕಾಯಿಸಿ ಓವನ್ ಮುಚ್ಚಳದ ಮೇಲೆ ಕೂರಿಸುವುದು. ಕೆಂಡದ ಬದಲು ಕಾದ ಕಬ್ಬಿಣ, ಅಷ್ಟೆ. ಆದರೆ ಒಮ್ಮೆ ಇಟ್ಟು ಮರೆತರೆ ಆಗದು. 3 ಕೆಜಿ ಕಬ್ಬಿಣ 250ರಿಂದ 180 ಡಿಗ್ರಿಗೆ ಇಳಿಯುವಾಗ ಕೊಡುವುದು ಬರೀ 100 ಕಿಲೋಜೂಲಿನಷ್ಟು ಶಾಖ. ಸಣ್ಣಗೆ ಉರಿಯುವ ಬರ್ನರ್ ಅದನ್ನು ಒಂದೆರಡು ನಿಮಿಷದಲ್ಲಿ ಕೊಟ್ಟುಬಿಡುತ್ತದೆ. ಹಾಗಾಗಿ ಪ್ರತಿ 8–10 ನಿಮಿಷಕ್ಕೆ ಮತ್ತೆ ಕಾಯಿಸಿ ಇಡಬೇಕು. ಬೇಯುವ ಕೊನೆಯ 15 ನಿಮಿಷದಲ್ಲಿ ಮಾತ್ರ ಮಾಡಿದರೆ ಸಾಕು, ಬಣ್ಣ ಬರುವುದು ಆಗಲೇ. ಚರ್ಮದ ಕೈಗವಸು, ಮುಚ್ಚಳ ಎತ್ತುವ ಕೊಕ್ಕೆ ಇಲ್ಲದೆ ಇದಕ್ಕೆ ಕೈ ಹಾಕಬೇಡಿ.

ಎಲ್ಲಕ್ಕಿಂತ ಒಳ್ಳೆಯ ಫಲ ಬರುವುದು ಮುಚ್ಚಳವಿರುವ ಗ್ಯಾಸ್ ಬಾರ್ಬೆಕ್ಯೂ ಒಳಗೆ ಓವನ್ ಇಟ್ಟಾಗ. ಸುತ್ತಲೂ ಬಿಸಿ ಗಾಳಿ ಆಡುತ್ತದೆ, ಮುಚ್ಚಳಕ್ಕೂ ಕಾವು ತಗಲುತ್ತದೆ. ಹೊರಡುವ ಮೊದಲೇ ಅಳೆಯಿರಿ: ಜಾಲರಿಯಿಂದ ಮುಚ್ಚಳದ ಒಳಮೈವರೆಗಿನ ಎತ್ತರ ಓವನ್ನಿಗಿಂತ 2 ಸೆಂ.ಮೀ.ಯಾದರೂ ಹೆಚ್ಚಿರಬೇಕು. ಸಣ್ಣ ಬಾರ್ಬೆಕ್ಯೂಗಳಲ್ಲಿ 9 ಕ್ವಾರ್ಟ್ ಹಿಡಿಸುವುದು ಕಷ್ಟ.

ಡ್ಯಾಂಪರ್ ಅಳತೆ: ಸೆಲ್ಫ್ ರೈಸಿಂಗ್ ಹಿಟ್ಟು 450 ಗ್ರಾಂ, ಬೆಣ್ಣೆ 80 ಗ್ರಾಂ, ಚಿಟಿಕೆ ಉಪ್ಪು, ನೀರು 180–200 ಮಿ.ಲೀ. ಚಪಾತಿ ಹಿಟ್ಟಿನಂತೆ ನಾದಬಾರದು, ಸೇರಿಸಿದರೆ ಸಾಕು. ಗ್ಯಾಸ್ ಮೇಲೆ ಮಾಡುವಾಗ ಉಂಡೆ ಕಟ್ಟದೆ 4 ಸೆಂ.ಮೀ. ದಪ್ಪಕ್ಕೆ ತಟ್ಟಿ. ತೆಳುವಾದಷ್ಟೂ ಮೇಲಿನ ಕಾವಿನ ಅವಲಂಬನೆ ಕಡಿಮೆ. 200 ಡಿಗ್ರಿಯಲ್ಲಿ 25–30 ನಿಮಿಷ. ತಟ್ಟಿದರೆ ಟೊಳ್ಳು ಸದ್ದು ಬರಬೇಕು.

ರೋಸ್ಟ್ ಇದಕ್ಕಿಂತ ಸಲೀಸು. ಸ್ಟ್ಯಾಂಡಿನ ಕೆಳಗೆ ಒಂದು ಲೋಟ ನೀರು ಹಾಕಿದರೆ ತೊಟ್ಟಿಕ್ಕುವ ಕೊಬ್ಬು ಸೀದು ಹೊಗೆಯಾಡುವುದಿಲ್ಲ. ನೀರು ಆರುತ್ತಾ ಬಂದರೆ ಬಿಸಿನೀರನ್ನೇ ಸೇರಿಸಿ, ತಣ್ಣೀರು ಬೀಡಿಗೆ ಶತ್ರು. ಕೋಳಿಗೆ ದಪ್ಪ ಭಾಗದ ಒಳಗೆ 75 ಡಿಗ್ರಿ ಬರಲೇಬೇಕು. ಸಿಹಿಗುಂಬಳ, ಗೆಣಸು, ಆಲೂಗಡ್ಡೆ ಸುತ್ತಲೂ ಜೋಡಿಸಬಹುದು, ಕೊನೆಯ 45 ನಿಮಿಷಕ್ಕೆ.

10 ಜನಕ್ಕೆ ಬಿಸಿಬೇಳೆ ಭಾತ್ ಮಾಡುವ ಯೋಚನೆ ಇದ್ದರೆ ಸ್ಟ್ಯಾಂಡ್ ತೆಗೆದು ಹಂಚಿನ ಮೇಲೆ ಸಿಮ್‌ನಲ್ಲಿಡಿ. ಓವನ್ ಹೊಸದಾದರೆ ಮಾತ್ರ ಹುಣಸೆಹಣ್ಣು, ಟೊಮೇಟೊ ಬೇಡ: ಹುಳಿ ಆ ಎಣ್ಣೆ ಪದರವನ್ನು ಕರಗಿಸುತ್ತದೆ, ಅಡುಗೆಗೆ ಕಬ್ಬಿಣದ ವಾಸನೆ ಬರುತ್ತದೆ.

ಅನಿಲದೊಲೆ (ವೋಡೋಂಗ)

ಮೂರನೇ ಪ್ರಶ್ನೆಗೆ ಉತ್ತರ ಖಂಡಿತ ಇಲ್ಲ. ಬ್ಯೂಟೇನ್ ಡಬ್ಬಿಯ ಸಣ್ಣ ಒಲೆಯ ಮೇಲೆ 9 ಕ್ವಾರ್ಟ್ ಓವನ್ ಇಡಲೇಬಾರದು. ಆ ಒಲೆಯಲ್ಲಿ 220 ಗ್ರಾಂ ಡಬ್ಬಿ ಬರ್ನರಿನ ಪಕ್ಕದ ಖಾನೆಯಲ್ಲೇ ಮಲಗಿರುತ್ತದೆ. ಅಗಲ ಪಾತ್ರೆ ಆ ಖಾನೆಯ ಮೇಲೆ ಚಾಚಿಕೊಂಡಾಗ ಕಾವು ಕೆಳಗೆ ತಿರುಗಿ ಡಬ್ಬಿ ಬಿಸಿಯಾಗುತ್ತದೆ, ಒತ್ತಡ ಏರುತ್ತದೆ, ಸಿಡಿಯುತ್ತದೆ. ಬೀಡು ಗಂಟೆಗಟ್ಟಲೆ ಕಾದಿರುವುದರಿಂದ ಅಪಾಯ ಇಮ್ಮಡಿ. ಒತ್ತಡ ಏರಿದಾಗ ಅನಿಲ ತಡೆಯುವ ಭಾಗ ನಂಬುವ ಹಾಗಿಲ್ಲದ ಕಾರಣಕ್ಕೇ 2015ರಲ್ಲಿ ಇಂಥ ಒಲೆಗಳ ಅನುಮೋದನೆಯನ್ನು ಇಲ್ಲಿ ತಡೆಹಿಡಿದಿದ್ದರು. ಈಗಿನವು ಸುಧಾರಿಸಿವೆ, ಆದರೂ ಕೈಪಿಡಿಯಲ್ಲಿ ಹೇಳಿದ ಪಾತ್ರೆಯ ಅಳತೆ ಮೀರಬೇಡಿ. ಚಹಾಕ್ಕೆ, ಒಗ್ಗರಣೆಗೆ ಇಟ್ಟುಕೊಳ್ಳಿ.

ಎರಡು ಬರ್ನರಿನದಕ್ಕೂ ಭಾರದ ಮಿತಿ ನೋಡಿ. ತುಂಬಿದ 9 ಕ್ವಾರ್ಟ್ ಓವನ್ 13–14 ಕೆಜಿ ತೂಗುತ್ತದೆ. ಮಡಚುವ ಪ್ಲಾಸ್ಟಿಕ್ ಮೇಜು ಬೇಡ, ಉಕ್ಕಿನ ಗಟ್ಟಿ ಸ್ಟ್ಯಾಂಡ್ ಬೇಕು.

ಸಿಲಿಂಡರ್ ಜೋಡಣೆ: ಊರಿನ 14.2 ಕೆಜಿ ಸಿಲಿಂಡರಿನ ಹಾಗೆ ಒತ್ತಿ ಕೂರಿಸುವ ರೆಗ್ಯುಲೇಟರ್ ಇಲ್ಲಿಲ್ಲ. ಹಳೆಯ ಪಿಒಎಲ್ ಜೋಡಣೆಯ ತಿರುಪು ಎಡಸುತ್ತು, ಬಿಗಿ ಮಾಡಲು ಗಡಿಯಾರದ ವಿರುದ್ಧ ತಿರುಗಿಸಬೇಕು. ಹೊಸ ಎಲ್‌ಸಿಸಿ27 ಜೋಡಣೆ ಬಲಸುತ್ತು, ಕೈಯಲ್ಲೇ ಬಿಗಿ ಮಾಡುವುದು, ಸ್ಪ್ಯಾನರ್ ಹಾಕಬಾರದು. ಇದರಲ್ಲಿ ರೆಗ್ಯುಲೇಟರ್ ಸರಿಯಾಗಿ ಕೂರದೆ ಅನಿಲ ಬರುವುದಿಲ್ಲ. ಬದಲಿ ಸಿಲಿಂಡರ್ ತರುವಾಗ ಯಾವುದು ಕೊಟ್ಟರು ನೋಡಿಕೊಳ್ಳಿ, ನಿಮ್ಮ ಹೋಸಿಗೆ ಹೊಂದದಿದ್ದರೆ ಬೆಟ್ಟದ ಮೇಲೆ ಹೋಗಿ ಗೊತ್ತಾಗುತ್ತದೆ. ಅಡಾಪ್ಟರ್ ಹಾಕಿ ಸರಿದೂಗಿಸಬೇಡಿ, ಹೋಸ್ ಮತ್ತು ರೆಗ್ಯುಲೇಟರ್ ಬದಲಿಸಿ. ಸಿಲಿಂಡರಿನ ಕೊರಳಲ್ಲಿ ಒತ್ತಿದ ಪರೀಕ್ಷೆಯ ದಿನಾಂಕ 10 ವರ್ಷ ದಾಟಿದ್ದರೆ ತುಂಬಿಸಿಕೊಡುವುದಿಲ್ಲ.

ಪ್ರತಿ ಸಲ ಜೋಡಿಸಿದ ಮೇಲೆ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ. ಹೊರಡುವ ಹಿಂದಿನ ರಾತ್ರಿಯೇ ಒಮ್ಮೆ ನೋಡುವುದು ವಾಸಿ.

ಎಷ್ಟು ಗ್ಯಾಸ್ ಬೇಕು? ಎಲ್‌ಪಿಜಿಯ ಒಂದು ಕೆಜಿಯಲ್ಲಿ ಸುಮಾರು 49 ಮೆಗಾಜೂಲ್, 4 ಕೆಜಿಯಲ್ಲಿ 196. ಒಲೆಯ ಲೇಬಲ್ ಮೇಲೆ ಪ್ರತಿ ಬರ್ನರ್ ಗಂಟೆಗೆ 10 ಮೆಗಾಜೂಲ್ ಅಂತ ಇದ್ದರೆ, ಪೂರ್ತಿ ಉರಿಯಲ್ಲಿ ಒಂದು ಬರ್ನರ್ 19 ಗಂಟೆಗೂ ಹೆಚ್ಚು. ಕ್ಯಾಂಪ್ ಓವನ್ ಕಾದ ಮೇಲೆ ಅದರ ಅರ್ಧಕ್ಕಿಂತ ಕಡಿಮೆ ಸಾಕು. 3 ರಾತ್ರಿಗೆ ನಿಮ್ಮ ಸಿಲಿಂಡರ್ ಧಾರಾಳ. ಅದನ್ನು ನೆರಳಲ್ಲಿ, ನೆಟ್ಟಗೆ ನಿಲ್ಲಿಸಿ. 42 ಡಿಗ್ರಿ ಬಿಸಿಲಲ್ಲಿ ಮುಚ್ಚಿದ ಕಾರಿನೊಳಗೆ ಬಿಟ್ಟರೆ ಒತ್ತಡ ಏರಿ ಸುರಕ್ಷತಾ ವಾಲ್ವ್ ಅನಿಲ ಹೊರಬಿಡಬಹುದು.

ನೀಲಗಿರಿನೆರಳು

ಎರಡು ವಿಷಯ ಬಿಟ್ಟುಹೋಗಿದೆ.

ಗಾಳಿ. ಬ್ಯಾನ್ ಹಾಕುವುದೇ ಗಾಳಿಯಿರುವ ದಿನ. ವಿಕ್ಟೋರಿಯಾದಲ್ಲಿ ಬೆಳಗಿನಿಂದ ಬಿಸಿ ಬಡಗಣ ಗಾಳಿ, ಆಮೇಲೆ ಇದ್ದಕ್ಕಿದ್ದಂತೆ ನೈಋತ್ಯಕ್ಕೆ ತಿರುಗುತ್ತದೆ. 2009ರ ಫೆಬ್ರವರಿ 7ರಂದು, ಬ್ಲ್ಯಾಕ್ ಸ್ಯಾಟರ್ಡೇ ಎಂದು ಕರೆಯುವ ಕಾಳ್ಗಿಚ್ಚಿನ ದಿನ, ಬೆಂಕಿಯ ಪಕ್ಕದ ಅಂಚನ್ನೇ ಮುಂಚೂಣಿಯಾಗಿ ಹರಡಿಸಿದ್ದು ಆ ತಿರುವು. ಒಲೆಯ ಮಟ್ಟಿಗೆ ಇದರ ಅರ್ಥ: ಬೆಳಿಗ್ಗೆ ಇಟ್ಟ ಗಾಳಿತಡೆ ಸಂಜೆ ತಪ್ಪು ಬದಿಯಲ್ಲಿರುತ್ತದೆ. ಗಾಳಿಗೆ ಉರಿ ಆರಿ, ಉರಿ ಆರಿದಾಗ ಅನಿಲ ನಿಲ್ಲಿಸುವ ಸಾಧನ ಒಲೆಯಲ್ಲಿಲ್ಲದಿದ್ದರೆ, ಅನಿಲ ಹರಿಯುತ್ತಲೇ ಇರುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ಕೂಡಲೇ ಲೈಟರ್ ಹಚ್ಚದೆ ಸಿಲಿಂಡರ್ ಮುಚ್ಚಿ, ಐದು ನಿಮಿಷ ಕಾದು, ಆಮೇಲೆ ಹಚ್ಚಿ. ಗಾಳಿತಡೆಯನ್ನು ಒಲೆಯ ಮೂರು ಬದಿಗೆ ಮಾತ್ರ ನಿಲ್ಲಿಸಿ. ಸಿಲಿಂಡರ್, ರೆಗ್ಯುಲೇಟರ್ ಅದರ ಹೊರಗಿರಬೇಕು. ಗಾಳಿ ಜೋರೆಂದು ಒಲೆಯನ್ನು ಡೇರೆಯೊಳಗೆ ಒಯ್ಯುವವರಿದ್ದಾರೆ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ದಯವಿಟ್ಟು ಬೇಡ.

ಎರಡನೆಯದು ಕೊಬ್ಬಿನ ಬೆಂಕಿ. ರೋಸ್ಟಿನ ಕೊಬ್ಬು ಹತ್ತಿಕೊಂಡರೆ ಆ 10 ಲೀಟರ್ ನೀರನ್ನು ಅದರ ಮೇಲೆ ಸುರಿಯಬೇಡಿ. ಉರಿಯುವ ಎಣ್ಣೆ ಎಲ್ಲೆಡೆ ಸಿಡಿದು ಹುಲ್ಲಿಗೆ ತಗಲುತ್ತದೆ. ಮುಚ್ಚಳ ಮುಚ್ಚಿ, ಗ್ಯಾಸ್ ನಿಲ್ಲಿಸಿ, ತಣ್ಣಗಾಗುವ ತನಕ ತೆರೆಯಬೇಡಿ. ಬೀಡಿನ ಭಾರದ ಮುಚ್ಚಳಕ್ಕಿಂತ ಒಳ್ಳೆಯ ಬೆಂಕಿ ಆರಿಸುವ ಸಾಧನ ಆ ಹೊತ್ತಿಗೆ ಇನ್ನೊಂದಿಲ್ಲ. ನೀರು ಇರುವುದು ಸುತ್ತಲಿನ ನೆಲಕ್ಕೆ.

ಮತ್ತೆ, ಆ ದಿನದ ಕಾಳ್ಗಿಚ್ಚಿನ ಅಪಾಯದ ರೇಟಿಂಗ್ ಕ್ಯಾಟಸ್ಟ್ರಾಫಿಕ್ (ಎಲ್ಲಕ್ಕಿಂತ ಮೇಲಿನ ಮಟ್ಟ) ಅಂತ ಬಂದರೆ ಒಲೆಯ ಪ್ರಶ್ನೆಯೇ ಬರುವುದಿಲ್ಲ. ಹಿಂದಿನ ರಾತ್ರಿಯೋ ನಸುಕಿಗೋ ಅಲ್ಲಿಂದ ಹೊರಟುಬಿಡಿ. ಬ್ರೈಟ್ ಕಣಿವೆಯಿಂದ ಆಚೆ ಹೋಗುವ ರಸ್ತೆಗಳು ಕೆಲವೇ.

ತುಂಗಾತೀರ

ಪಾರ್ಕಿನವರನ್ನು ಕೇಳಿದೆ. ಬ್ಯಾನ್ ದಿನ ಗ್ಯಾಸ್ ಒಲೆಗೆ ಒಪ್ಪಿಗೆ ಇದೆ, ಜಲ್ಲಿ ಹಾಸಿದ ಜಾಗದಲ್ಲಿ ಮಾತ್ರ. ಸೈಟಿನಲ್ಲಿ ವಿದ್ಯುತ್ ಕೂಡ ಇದೆ. ಸಣ್ಣದೊಂದು ಸಂಶಯ: 10 ಲೀಟರಿಗೆ ಕುಡಿಯುವ ನೀರಿನ ಕ್ಯಾನ್ ಸಾಲದೇ?

ಬೀಡಿನಹಂಚು

ವಿದ್ಯುತ್ ಇದ್ದರೆ ಅನ್ನ, ಸಾರು ಎಲೆಕ್ಟ್ರಿಕ್ ಕುಕ್ಕರಿಗೆ ಬಿಡಿ, ಗ್ಯಾಸ್ ಹಚ್ಚುವ ಹೊತ್ತು ಅಷ್ಟು ಕಡಿಮೆಯಾಗುತ್ತದೆ.

ಕ್ಯಾನಿನ ನಲ್ಲಿಯಿಂದ ನೀರು ಸಣ್ಣಗೆ ಹರಿಯುತ್ತದೆ, ಹುಲ್ಲಿಗೆ ಹತ್ತಿದ ಬೆಂಕಿಗೆ ಅದು ಸಾಲದು. ಅಗಲ ಬಾಯಿಯ ಬಕೆಟ್ ತುಂಬಿ, ಒಳಗೊಂದು ಚೊಂಬು ಹಾಕಿ, ಒಲೆಯಿಂದ ನಾಲ್ಕು ಹೆಜ್ಜೆ ದೂರ, ಗಾಳಿ ಬರುವ ಬದಿಗಿಡಿ. ಬೆಂಕಿ ಹರಡುವುದು ಗಾಳಿ ಹೋಗುವ ಬದಿಗೆ, ಬಕೆಟ್ ಆಚೆಗಿದ್ದರೆ ಕೈಗೆ ಸಿಗುವುದಿಲ್ಲ. ಅಡುಗೆ ಮುಗಿದ ಮೇಲೆ ಮೊದಲು ಸಿಲಿಂಡರ್ ಮುಚ್ಚಿ, ಹೋಸಿನಲ್ಲಿದ್ದ ಅನಿಲ ಉರಿದು ಹೋಗಲಿ, ಆಮೇಲೆ ಒಲೆಯ ಗುಂಡಿ. ಓವನ್ ತಣಿಯಲು ಮುಕ್ಕಾಲು ಗಂಟೆಯಾದರೂ ಬೇಕು. ಆ ಬಕೆಟ್ ನೀರನ್ನು ಅದರ ಮೇಲೆ ಸುರಿದರೆ ಬೀಡು ಸೀಳುತ್ತದೆ, ಒಣ ಹುಲ್ಲಿನ ಮೇಲೆ ಇಳಿಸಿದರೆ ಹುಲ್ಲು ಹತ್ತಿಕೊಳ್ಳುತ್ತದೆ. ಒಲೆಯ ಮೇಲೇ ಬಿಡಿ.